ಕೊರೆದ ಗಿಟಾರ್‌ಗೆ ಬೆಲೆ ಎಷ್ಟು?

ಹೋದ ತಿಂಗಳು ನನ್ನ ಹಳೇ ಎಲೆಕ್ಟ್ರಿಕ್ ಗಿಟಾರ್ ಮಾರೋಣ ಅಂತ ಒಬ್ಬರಿಗೆ ಫೋಟೋ ಕಳಿಸಿದ್ದೆ. ಐದೇ ನಿಮಿಷಕ್ಕೆ ಉತ್ತರ ಬಂತು: "ಪಿಕಪ್ ಬದಲಾಗಿದೆ, ಮರ ಕೊರೆದಿದ್ದೀರಿ. ಒರಿಜಿನಲ್ ಅಲ್ಲ. ಅರ್ಧ ಬೆಲೆ."

ಕೊರೆದಿದ್ದು ನಾನೇ, ಸುಳ್ಳು ಹೇಳಲ್ಲ. ಕಾಲೇಜು ಬ್ಯಾಂಡ್‌ನಲ್ಲಿದ್ದಾಗ ಹಾಲ್‌ನ ಟ್ಯೂಬ್‌ಲೈಟ್ ಹಾಕಿದ್ರೆ ಸಾಕು, ಆಂಪ್ಲಿಫೈಯರ್ ಜೇನುಗೂಡು ಕೆದಕಿದ ಹಾಗೆ ಗುಂಯ್ ಅನ್ನೋದು. ಡ್ರಮ್ಮರ್ ದಿನಾ ಬೈಯೋನು. ಒಂದು ರಾತ್ರಿ ಉಳಿ ಸುತ್ತಿಗೆ ಹಿಡಿದು ಕೂತೇಬಿಟ್ಟೆ.

ಪಿಕಪ್ ಅಂದ್ರೆ ಇಷ್ಟೇ: ಅಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದ್ರೆ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತೆ. ಸುರುಳಿ ಒಂದೇ ಇದ್ದರೆ ಸುತ್ತಲಿನ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೂ ಹಿಡಿದುಕೊಳ್ಳುತ್ತೆ. ಇದಕ್ಕೆ ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿದರೆ ಗದ್ದಲ ಗದ್ದಲವನ್ನೇ ಹೊಡೆದುಹಾಕುತ್ತೆ, ತಂತಿಯ ದನಿ ಉಳಿಯುತ್ತೆ. ಹೆಸರು ಹಂಬಕರ್. ನಾನು ಆ ರಾತ್ರಿ ಕೂರಿಸಿದ್ದು ಅದನ್ನೇ.

ಇನ್ನೊಂದು ಕಡೆ ಲಿಯೋ ಫೆಂಡರ್. ಮೂಲತಃ ರೇಡಿಯೋ ರಿಪೇರಿ ಮಾಡ್ತಿದ್ದವರು, ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ! 1954ರಲ್ಲಿ ಬಂದ ಅವರ ಸ್ಟ್ರಾಟೋಕಾಸ್ಟರ್‌ನ ಕತ್ತು ಅಂಟಿಸಿದ್ದಲ್ಲ, ನಾಲ್ಕು ಸ್ಕ್ರೂನಲ್ಲಿ ಬಿಗಿದಿದ್ದು. ಹಾಳಾದ್ರೆ ಬಿಚ್ಚಿ, ಬೇರೆ ಹಾಕಿ. ಬಿಚ್ಚೋದಕ್ಕೇ ಮಾಡಿದ ವಸ್ತುವನ್ನ ಬಿಚ್ಚಬಾರದು ಅಂದ್ರೆ ಹೇಗೆ?

ಕ್ಯಾಲಿಫೋರ್ನಿಯಾದ ಹುಡುಗ ಎಡ್ಡಿ ವ್ಯಾನ್ ಹೇಲನ್‌ಗೆ ಗಿಬ್ಸನ್ನಿನ ದಪ್ಪ ದನಿಯೂ ಬೇಕು, ಸ್ಟ್ರಾಟ್‌ನ ಅಲುಗಾಡಿಸೋ ಕಡ್ಡಿಯೂ ಬೇಕು. ಸುಮಾರು 50 ಡಾಲರ್‌ಗೆ ಒಂದು ಮರದ ಒಡಲು, 80ಕ್ಕೆ ಒಂದು ಕತ್ತು ತಂದ. ಗಿಬ್ಸನ್ ಗಿಟಾರೊಂದರಿಂದ ಕಿತ್ತ ಹಂಬಕರ್ ಕೂರಿಸೋಕೆ ಉಳಿಯಿಂದ ಮರ ಕೆತ್ತಿದ. ಉಳಿದ ವೈರುಗಳನ್ನು ಹೇಗೆ ಜೋಡಿಸೋದು ಗೊತ್ತಾಗಲಿಲ್ಲ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಅದಕ್ಕೇ ಒಂದೇ ಪಿಕಪ್, ಒಂದೇ ವಾಲ್ಯೂಮ್ ಗುಂಡಿ. ಆ ಗುಂಡಿಯ ಮೇಲೆ ಬರೆದಿರೋದು ಮಾತ್ರ 'ಟೋನ್'. ಟೇಪ್ ಅಂಟಿಸಿ ಕಪ್ಪು-ಬಿಳಿ ಪಟ್ಟೆ ಬಳಿದ. 1978ರಲ್ಲಿ ಬ್ಯಾಂಡ್‌ನ ಮೊದಲ ಆಲ್ಬಮ್ ಬಂತು, ಕೇಳಿದವರೆಲ್ಲ ಬೆರಗಾದರು. ಪಟ್ಟೆ ಗಿಟಾರ್‌ನ ನಕಲುಗಳು ಹೊರಬಂದವು. ಸಿಟ್ಟಾದ ಎಡ್ಡಿ 1979ರಲ್ಲಿ ಸೈಕಲ್‌ಗೆ ಹೊಡೆಯೋ ಕೆಂಪು ಪೇಂಟ್ ಬಳಿದುಬಿಟ್ಟ.

ಈಗ ತಮಾಷೆ ಕೇಳಿ. 2007ರಲ್ಲಿ ಫೆಂಡರ್ ಕಂಪನಿಯೇ ಅದರ 300 ಪ್ರತಿಗಳನ್ನು ಮಾಡಿತು, ಒಂದಕ್ಕೆ 25,000 ಡಾಲರ್. ಸಿಗರೇಟಿನಿಂದ ಸುಟ್ಟ ಕಲೆ, ಎಡ್ಡಿ ಸ್ಕ್ರೂ ಹೊಡೆದು ಕೂರಿಸಿದ್ದ 1971ರ ನಾಣ್ಯ, ಎಲ್ಲವೂ ಯಥಾವತ್ತು. ಕೈಯಾರೆ ಕೆಡಿಸಿದ ಗಿಟಾರ್‌ನ 'ಒರಿಜಿನಲ್' ನಕಲು!

ಎರಿಕ್ ಕ್ಲಾಪ್ಟನ್ ಕಥೆಯೂ ಹೀಗೇ. 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹಳೇ ಸ್ಟ್ರಾಟ್‌ಗಳನ್ನು ಕೊಂಡು, ಕೆಲವನ್ನು ಗೆಳೆಯರಿಗೆ ಹಂಚಿ, ಮಿಕ್ಕ ಮೂರರ ಒಳ್ಳೇ ಭಾಗಗಳನ್ನ ಸೇರಿಸಿ 'ಬ್ಲ್ಯಾಕಿ' ಕಟ್ಟಿದರು. 2004ರ ಹರಾಜಿನಲ್ಲಿ ಅದು ಹೋಗಿದ್ದು 9,59,500 ಡಾಲರ್‌ಗೆ.

ಹಾಗಂತ ಆ ಕಡೆಯವರ ವಾದ ಪೊಳ್ಳಲ್ಲ. 1958ರಿಂದ 60ರವರೆಗೆ ಬಂದ ಸನ್‌ಬರ್ಸ್ಟ್ ಲೆಸ್ ಪಾಲ್ ಆಗ ಅಷ್ಟಾಗಿ ಮಾರಾಟವಾಗಲಿಲ್ಲ, ಗಿಬ್ಸನ್ ನಿಲ್ಲಿಸಿಬಿಟ್ಟಿತು. ಈಗ ಅವು ಬಲು ಅಪರೂಪ. ಅದರ ಪಿಕಪ್ ಕಿತ್ತರೆ, ಅದು ಹುಟ್ಟಿದಾಗ ಹೇಗಿತ್ತು ಅಂತ ತೋರಿಸೋ ಸಾಕ್ಷಿ ಒಂದು ಕಡಿಮೆ ಆಗುತ್ತೆ. ಅಂಥದ್ದರ ಮೇಲೆ ನಾನಂತೂ ಉಳಿ ಇಡಲ್ಲ. ಆದರೆ ನನ್ನದು ಕಾರ್ಖಾನೆಯಿಂದ ಸಾವಿರಗಟ್ಟಲೆ ಉದುರಿದ ಅಗ್ಗದ ಗಿಟಾರ್. ಅದಕ್ಕೂ ಅದೇ ನಿಯಮ ಯಾಕೆ? ಎಡ್ಡಿ ಕೆತ್ತಿದ್ರೆ ಇತಿಹಾಸ, ನಾವು ಕೆತ್ತಿದ್ರೆ ಅರ್ಧ ಬೆಲೆ. ಕೈ ಯಾರದ್ದು ಅನ್ನೋದಷ್ಟೇ ವ್ಯತ್ಯಾಸ.

ಆ ಮೆಸೇಜ್‌ಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಹಳೇ ಪಿಕಪ್‌ಗಳು ಬಿಸ್ಕತ್ ಡಬ್ಬಿಯಲ್ಲಿ ಭದ್ರವಾಗಿವೆ, ಮರದ ಚಕ್ಕೆಗಳು ಮಾತ್ರ ಅವತ್ತೇ ಕಸಕ್ಕೆ ಹೋದವು. ಶನಿವಾರ ಆ ಡ್ರಮ್ಮರ್ ಊರಿಗೆ ಬರ್ತಿದ್ದಾನೆ, ಒಂದು ಸಲ ನುಡಿಸೋಣ ಅಂದಿದ್ದಾನೆ. ಕೇಬಲ್ ಚುಚ್ಚೋ ಜ್ಯಾಕ್ ಸಡಿಲ ಆಗಿದೆ, ಅಷ್ಟರೊಳಗೆ ಬೆಸುಗೆ ಹಾಕ್ಬೇಕು.