ಗಾಳಿಯನ್ನು ನಂಬಿ ಕಡಲಿಗಿಳಿದವರು

ದೂರಯಾನದ ಹಾಯಿದೋಣಿಗೆ ನಡುಗಡಲಿಗಿಂತ ದಡವೇ ದೊಡ್ಡ ತೊಡಕು. ಅದರ ತಳ ನೀರಿನೊಳಗೆ ಆಳಕ್ಕೆ ಇಳಿದಿರುವುದರಿಂದ ದಕ್ಕೆಯಿಲ್ಲದ ಕಡೆ ದೂರದಲ್ಲೇ ಲಂಗರು ಹಾಕಿ ನಿಲ್ಲಬೇಕು. ಸಿಹಿನೀರು, ದಿನಸಿ ತರಲು ಇನ್ನೊಂದು ಪುಟ್ಟ ದೋಣಿ ಬೇಕೇ ಬೇಕು. ಇಂಗ್ಲಿಷರು ಅದನ್ನು ಡಿಂಗಿ ಎನ್ನುತ್ತಾರೆ. ಈ ಪದ ಅವರಿಗೆ ಹೋದದ್ದು ಭಾರತದಿಂದಲೇ. ಹಿಂದಿ, ಬಂಗಾಳಿ ಭಾಷೆಗಳಲ್ಲಿ ಸಣ್ಣ ದೋಣಿಗೆ ಈ ಹೆಸರಿದೆ. ಇಂದು ಹಾಯಿದೋಣಿಗಳಲ್ಲಿರುವ ಡಿಂಗಿ ಬಹುಮಟ್ಟಿಗೆ ಗಾಳಿ ತುಂಬಿದ ದೋಣಿ. ಗಾಳಿ ಬಿಟ್ಟರೆ ಚೀಲದೊಳಗೆ ಮಡಿಸಿಡಬಹುದು. ಇಂಥ ವಸ್ತುವನ್ನು ನಂಬಿ ಮನುಷ್ಯ ಕಡಲಿಗಿಳಿದದ್ದು ಹೇಗೆ?

ಗಾಳಿಯ ನೆರವಿನಿಂದ ನೀರು ದಾಟುವ ಉಪಾಯ ಹಳೆಯದು. ಕ್ರಿಸ್ತಪೂರ್ವ 9ನೇ ಶತಮಾನದ ಅಸ್ಸೀರಿಯಾದ ದೊರೆ ಎರಡನೆಯ ಅಶುರ್‌ನಾಸಿರ್‌ಪಾಲನ ಅರಮನೆಯ ಉಬ್ಬುಶಿಲ್ಪಗಳಲ್ಲಿ, ಉಬ್ಬಿಸಿದ ಚರ್ಮದ ಚೀಲಗಳನ್ನು ಅಪ್ಪಿಕೊಂಡು ಹೊಳೆ ಈಜುವವರ ಚಿತ್ರಗಳಿವೆ. ನಮ್ಮ ತುಂಗಭದ್ರೆಯ ಹರಿಗೋಲಿಗೂ ಹಿಂದೆ ಚರ್ಮದ ಹೊದಿಕೆಯಿತ್ತು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ವರ್ಣಿಸಿದ್ದಾನೆ. ಆದರೆ ಹರಿಗೋಲನ್ನು ತೇಲಿಸುವುದು ಅದರ ಬುಟ್ಟಿಯ ಆಕಾರ. ಗಾಳಿಯನ್ನೇ ಸೆರೆಹಿಡಿದು ತೇಲಬೇಕಾದರೆ ಸೋರದ ಬಟ್ಟೆ ಬೇಕು. ಚರ್ಮ ಕೊಳೆಯುತ್ತದೆ, ಹೊಲಿಗೆ ಸೋರುತ್ತದೆ.

ಆ ಬಟ್ಟೆಯನ್ನು ಕೊಟ್ಟದ್ದು ರಬ್ಬರು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರನ್ನು ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಆದರೆ ಆ ರಬ್ಬರು ಸೆಕೆಗೆ ಅಂಟಾಗುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುತ್ತದೆಂದು ಕಂಡುಕೊಂಡ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ.

ಅದೇ ಹೊತ್ತಿಗೆ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಪೀಟರ್ ಹಾಲ್ಕೆಟ್ ಒಂದು ವಿಚಿತ್ರ ನಿಲುವಂಗಿ ಮಾಡಿದ. ತೊಟ್ಟರೆ ಮಳೆಯಂಗಿ, ತಿದಿಯಿಂದ ಗಾಳಿ ತುಂಬಿದರೆ ದೋಣಿ. ಊರುಗೋಲೇ ಹುಟ್ಟು, ಕೊಡೆಯೇ ಹಾಯಿ! ಕೇಳಲು ತಮಾಷೆಯಾಗಿದ್ದರೂ ಇದರ ಹಿಂದೆ ದುರಂತವೊಂದಿತ್ತು. ಕೆನಡಾದ ಉತ್ತರದಂಚನ್ನು ಶೋಧಿಸಹೋದ ಜಾನ್ ಫ್ರಾಂಕ್ಲಿನ್ ತಂಡ 1821ರಲ್ಲಿ ದೋಣಿಗಳನ್ನು ಕಳೆದುಕೊಂಡು, ಕಾಪರ್‌ಮೈನ್ ನದಿ ದಾಟಲಾಗದೆ ವಾರಕ್ಕೂ ಹೆಚ್ಚು ಕಾಲ ಹಸಿದು ನಿಂತಿತು. ಆ ಪಯಣದಲ್ಲಿ 20 ಮಂದಿಯಲ್ಲಿ 11 ಮಂದಿ ಸತ್ತರು. ಹೊತ್ತೊಯ್ಯಬಹುದಾದ ದೋಣಿಯೊಂದಿದ್ದರೆ ಎಂಬ ಯೋಚನೆಯೇ ಹಾಲ್ಕೆಟ್‌ನನ್ನು ಕಾಡಿತು. ನೌಕಾಪಡೆ ಅವನ ದೋಣಿಯನ್ನು ಬಳಕೆಗೆ ತೆಗೆದುಕೊಳ್ಳಲಿಲ್ಲ. ಆದರೆ 1846ರಲ್ಲಿ ಉತ್ತರಧ್ರುವ ಪ್ರದೇಶಕ್ಕೆ ಹೋದ ಜಾನ್ ರೇ ಅದನ್ನು ಜೊತೆಗೊಯ್ದು ಚೆನ್ನಾಗಿ ಬಳಸಿಕೊಂಡ.

20ನೇ ಶತಮಾನದಲ್ಲಿ ಈ ಕೆಲಸ ಮುಂದುವರಿದದ್ದು ಫ್ರಾನ್ಸಿನಲ್ಲಿ. ಗಾಳಿಹಡಗುಗಳನ್ನು ತಯಾರಿಸುತ್ತಿದ್ದ ಜೋಡಿಯಾಕ್ ಕಂಪನಿ 1930ರ ದಶಕದಲ್ಲಿ ಅದೇ ಕೌಶಲವನ್ನು ನೀರಿಗಿಳಿಸಿತು. ಜನರ ಅನುಮಾನವನ್ನು ಕಳೆದವರು ಅಲೈನ್ ಬೊಂಬಾರ್ ಎಂಬ ವೈದ್ಯರು. 1952ರ ಅಕ್ಟೋಬರ್ 19ರಂದು ಕ್ಯಾನರಿ ದ್ವೀಪಗಳಿಂದ ಸುಮಾರು 15 ಅಡಿಯ ಜೋಡಿಯಾಕ್ ದೋಣಿಯಲ್ಲಿ ಒಬ್ಬರೇ ಹೊರಟು, 65 ದಿನಗಳ ನಂತರ ಬಾರ್ಬಡೋಸ್ ಮುಟ್ಟಿದರು. ಅಷ್ಟರಲ್ಲಿ 25 ಕಿಲೋ ಇಳಿದುಹೋಗಿದ್ದರು. ಸ್ವಲ್ಪ ಸ್ವಲ್ಪ ಉಪ್ಪುನೀರು ಕುಡಿದು ಬದುಕಬಹುದೆಂಬ ಅವರ ವಾದ ವಿವಾದಕ್ಕೆ ಸಿಕ್ಕಿತು. ಆದರೆ ಗಾಳಿದೋಣಿ ಅಟ್ಲಾಂಟಿಕ್ ದಾಟಬಲ್ಲದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಹಾಯಿಯಾನಿಗಳಿಗೆ ಇದಕ್ಕಿಂತ ದೊಡ್ಡ ಪಾಠ ಹೇಳಿದವರು ಮಾರಿಸ್ ಮತ್ತು ಮೆರಿಲಿನ್ ಬೇಲಿ ಎಂಬ ಇಂಗ್ಲಿಷ್ ದಂಪತಿ. ಮನೆ ಮಾರಿ ಹಾಯಿದೋಣಿ ಕೊಂಡು ನ್ಯೂಜಿಲೆಂಡಿನತ್ತ ಹೊರಟಿದ್ದರು. 1973ರ ಮಾರ್ಚ್ 4ರಂದು ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲವೊಂದು ಬಡಿದು ದೋಣಿ ಮುಳುಗಿತು. ಉಳಿದದ್ದು ಜೀವರಕ್ಷಕ ತೆಪ್ಪ ಮತ್ತು ದಡಕ್ಕೆ ಹೋಗಿಬರಲು ಇಟ್ಟುಕೊಂಡಿದ್ದ ಗಾಳಿಯ ಡಿಂಗಿ. ಎರಡನ್ನೂ ಹಗ್ಗದಿಂದ ಕಟ್ಟಿದರು. ತೆಪ್ಪದಲ್ಲಿ ವಾಸ, ಡಿಂಗಿಯಲ್ಲಿ ಸಾಮಾನು. ಮಳೆನೀರು ಹಿಡಿದರು. ಸೇಫ್ಟಿಪಿನ್ನುಗಳನ್ನು ಬಗ್ಗಿಸಿ ಗಾಳ ಮಾಡಿ ಮೀನು ಹಿಡಿದರು. ತೆಪ್ಪ ಸೋರತೊಡಗಿದಾಗ ಹಗಲಿರುಳೆನ್ನದೆ ಗಾಳಿ ತುಂಬಿದರು. ಏಳು ಹಡಗುಗಳು ಇವರನ್ನು ಕಾಣದೆ ಹೋದವು. 117 ದಿನಗಳ ನಂತರ ಬಂದ ಎಂಟನೆಯದು, ಕೊರಿಯಾದ ಮೀನುಗಾರಿಕೆ ಹಡಗು, ಅವರನ್ನು ಎತ್ತಿಕೊಂಡಿತು.

ಗಾಳಿದೋಣಿಯ ಇನ್ನೊಂದು ದೌರ್ಬಲ್ಯ ಅದರ ಮೆತ್ತನೆಯ ತಳ. ಕಲ್ಲಿನ ದಡಕ್ಕೆ ಎಳೆದಾಗಲೆಲ್ಲ ಸವೆಯುತ್ತದೆ. 1960ರ ದಶಕದಲ್ಲಿ ವೇಲ್ಸ್‌ನ ಅಟ್ಲಾಂಟಿಕ್ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಮುಖ್ಯಸ್ಥ ಡೆಸ್ಮಂಡ್ ಹೋರ್ ಅವರೊಡನೆ ಅದಕ್ಕೆ ಗಟ್ಟಿ ತಳ ಜೋಡಿಸುವ ಪ್ರಯೋಗ ನಡೆಸಿದರು. ಹೋರ್ ಆ ಪೇಟೆಂಟನ್ನು ಬ್ರಿಟನ್ನಿನ ಕಡಲ ಜೀವರಕ್ಷಣಾ ಸಂಸ್ಥೆಗೆ ಮಾರಿದ್ದು ಕೇವಲ ಒಂದು ಪೌಂಡಿಗೆ! ಇಂದು ಲೋಕದ ಕರಾವಳಿ ಕಾವಲು ಪಡೆಗಳಲ್ಲಿ ಕಾಣುವ ಗಟ್ಟಿತಳದ ಗಾಳಿದೋಣಿಗಳು ಆ ಪ್ರಯೋಗಕ್ಕೆ ಋಣಿ.

ಡಿಂಗಿಯನ್ನು ಆರಿಸುವಾಗ ಕೇಳುವ ಪ್ರಶ್ನೆಗಳೆಲ್ಲ ಈ ಇತಿಹಾಸದಿಂದಲೇ ಬಂದವು. ಗಾಳಿಯ ಕೊಳವೆ ಬೇರೆ ಬೇರೆ ಕೋಣೆಗಳಾಗಿದೆಯೇ? ಒಂದು ತೂತಾದರೆ ಉಳಿದವು ತೇಲಿಸಬೇಕು. ತಳ ಬಟ್ಟೆಯದೋ, ಗಟ್ಟಿಯೋ? ಬಟ್ಟೆಯ ತಳವನ್ನು ಮಡಿಸಿಡುವುದು ಸುಲಭ; ಗಟ್ಟಿ ತಳ ಅಲೆಗೂ ಎಂಜಿನ್‌ಗೂ ತಡೆಯುತ್ತದೆ. ಪಿವಿಸಿ ಅಗ್ಗವಾದರೂ ಉಷ್ಣವಲಯದ ಬಿಸಿಲಿಗೆ ಬೇಗ ಸೋಲುತ್ತದೆ. ಹೈಪಲಾನ್ ಜಾತಿಯ ಕೃತಕ ರಬ್ಬರು ದುಬಾರಿಯಾದರೂ ಬಹುಕಾಲ ಬಾಳುತ್ತದೆ. ಪಂಪು, ತೇಪೆ, ಅಂಟು, ಹುಟ್ಟು ಇಲ್ಲದೆ ಹೊರಡಬಾರದು. ಡಿಂಗಿ ಇದೆಯೆಂದು ಜೀವರಕ್ಷಕ ತೆಪ್ಪವನ್ನು ಬಿಡುವಂತೆಯೂ ಇಲ್ಲ. ಬಿಸಿಲು, ಮಳೆಗೆ ಮರೆ ಕೊಡುವ ಮಾಡು ಇರುವುದು ತೆಪ್ಪಕ್ಕೆ.

ಇಷ್ಟಾಗಿಯೂ, ಮಹಾಸಾಗರ ದಾಟಿದವರೇ ಲಂಗರಿನಿಂದ ದಡಕ್ಕೆ ಹೋಗುವ ನಾಲ್ಕು ಮಾರಿನಲ್ಲಿ ಪ್ರಾಣ ಕಳೆದುಕೊಂಡದ್ದುಂಟು. 'ಇಷ್ಟೇ ದೂರ ತಾನೆ' ಎಂದು ಹೆಚ್ಚು ಮಂದಿ ಹತ್ತುತ್ತಾರೆ, ರಕ್ಷಣಾ ಜಾಕೆಟ್ ತೊಡುವುದಿಲ್ಲ. ದಡದ ಕಡೆಯಿಂದ ಗಾಳಿ ಬೀಸಿದರೆ ಈ ಹಗುರ ದೋಣಿ ತರಗೆಲೆಯಂತೆ ಕಡಲಿನತ್ತ ಸಾಗುತ್ತದೆ. ಒಳಗಿನ ಗಾಳಿ ತೇಲಿಸಿದರೆ ಹೊರಗಿನ ಗಾಳಿ ಒಯ್ಯುತ್ತದೆ.

ಹಾಯಿಯಾನ ನಮ್ಮಲ್ಲಿ ಹೆಚ್ಚಿನವರಿಗೆ ದೂರದ ಮಾತು. ಆದರೆ 2019ರ ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ಊರುಗಳಿಗೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ತಂದದ್ದು ಇದೇ ಜಾತಿಯ ರಬ್ಬರ್ ದೋಣಿಯನ್ನು. ಮುಳುಗಿದ ಮನೆಯ ಮಾಳಿಗೆಯಿಂದ ಅದರೊಳಗೆ ಇಳಿದವರಿಗೆ ಹಾಲ್ಕೆಟ್‌ನ ಹೆಸರು ಗೊತ್ತಿರಲಾರದು. ಹೊಳೆಯ ದಡದಲ್ಲಿ ದೋಣಿಯಿಲ್ಲದೆ ನಿಲ್ಲುವುದೆಂದರೇನೆಂದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತು.