ಒಂದು ಸರ್ವರ್, ಹಲವು ಗಣಕ: ನಿರ್ವಹಣಾ ತಂತ್ರಾಂಶದ ಅಳವಡಿಕೆ ಮತ್ತು ಬಳಕೆದಾರರ ಪ್ರವೇಶ ವ್ಯವಸ್ಥೆ

ಬಂಡೀಪುರದ ಕಾಡಿನಲ್ಲಿ ಯಾವ ಹುಲಿ ಎಲ್ಲಿ ಓಡಾಡುತ್ತಿದೆ ಎಂಬ ವಿವರ ಒಂದು ಕಾಲದಲ್ಲಿ ಅರಣ್ಯ ಕಾವಲುಗಾರರ ನೆನಪಿನಲ್ಲಿ ಹಾಗೂ ವಲಯ ಕಚೇರಿಯ ಕಡತಗಳಲ್ಲಿ ಇರುತ್ತಿತ್ತು. ಈಗ ಅದು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳ ಹಾಗೂ ಗಸ್ತಿನ ಜಿಪಿಎಸ್ ಗುರುತುಗಳ ರೂಪದಲ್ಲಿ ಗಣಕಯಂತ್ರ ಸೇರುತ್ತದೆ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ ದೇಶದ 26,838 ಸ್ಥಳಗಳಲ್ಲಿ ಕ್ಯಾಮೆರಾ ಇರಿಸಿ 3.48 ಕೋಟಿಗೂ ಹೆಚ್ಚು ಚಿತ್ರಗಳನ್ನು ತೆಗೆಯಲಾಯಿತು. 2022ರ ಗಣತಿಯ ಅಂದಾಜಿನಂತೆ ಬಂಡೀಪುರದಲ್ಲಿ 150 ಹುಲಿಗಳಿದ್ದು, ದೇಶದ ಹುಲಿ ಸಂರಕ್ಷಿತ ಪ್ರದೇಶಗಳ ಪೈಕಿ ಕಾರ್ಬೆಟ್ ನಂತರದ ಸ್ಥಾನ ಅದರದಾಗಿತ್ತು.

ಹುಲಿಯನ್ನು ಕಾಯುವವರಿಗೆ ನೆರವಾಗುವ ಈ ಮಾಹಿತಿ ಬೇಟೆಗಾರರ ಕೈ ಸೇರಿದರೆ ಹುಲಿಗೇ ಮುಳುವಾಗುತ್ತದೆ. ಈ ಆತಂಕ ಕೇವಲ ಊಹೆಯಲ್ಲ. ಮಧ್ಯಪ್ರದೇಶದ ಪನ್ನಾದ ಗಂಡು ಹುಲಿಯೊಂದಕ್ಕೆ ಉಪಗ್ರಹ ಸಂಪರ್ಕದ ಕೊರಳಪಟ್ಟಿ ತೊಡಿಸಲಾಗಿತ್ತು. ಅದರ ಮಾಹಿತಿ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಯೊಬ್ಬರ ಇ-ಮೇಲ್ ಖಾತೆಗೆ ಬರುತ್ತಿತ್ತು. 2013ರ ಜುಲೈನಲ್ಲಿ ಈ ಖಾತೆಗೆ ದೂರದ ಪುಣೆಯಿಂದ ಯಾರೋ ಪ್ರವೇಶಿಸಲು ಯತ್ನಿಸಿದರು. ಆ ಯತ್ನ ಸಕಾಲದಲ್ಲಿ ತಡೆಯಲ್ಪಟ್ಟಿತು. ಕಾಡಿಗೆ ಕಾಲಿಡದೆಯೇ ಹುಲಿಯ ಜಾಡು ಹಿಡಿಯಬಹುದು ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಅರಣ್ಯದ ಮಾಹಿತಿಯಾಗಲಿ, ರೈತರ ಪಹಣಿಯಾಗಲಿ, ಸಹಕಾರ ಸಂಘದ ಲೆಕ್ಕವಾಗಲಿ, ಇಂದು ಇಂಥ ಬಹಳಷ್ಟು ದತ್ತಾಂಶ ನೆಲೆಸಿರುವುದು ವರ್ಚುವಲ್ ಯಂತ್ರಗಳಲ್ಲಿ. ಅವುಗಳನ್ನು ಆಳುವ ನಿರ್ವಹಣಾ ಸರ್ವರ್‌ನ ಅಳವಡಿಕೆ ಹೇಗೆ, ಅದರ ಬಾಗಿಲನ್ನು ಯಾರಿಗೆ, ಯಾವ ಹೆಸರಿನಲ್ಲಿ ತೆರೆಯಬೇಕು ಎಂಬುದರ ವಿವರ ಇಲ್ಲಿದೆ.

ಏನಿದು ವರ್ಚುವಲೈಸೇಷನ್?

ಒಂದು ದೊಡ್ಡ ಸರ್ವರ್‌ನ ಸಾಮರ್ಥ್ಯವನ್ನು ತಂತ್ರಾಂಶದ ನೆರವಿನಿಂದ ಹಂಚಿ, ಅದರೊಳಗೆ ಹತ್ತಾರು ಸ್ವತಂತ್ರ ಗಣಕಗಳು ಕೆಲಸ ಮಾಡುವಂತೆ ಏರ್ಪಡಿಸುವುದೇ ವರ್ಚುವಲೈಸೇಷನ್. ಈ ಹಂಚಿಕೆ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಸರ್ವರ್‌ಗಳ ಸಂಖ್ಯೆ ಹೆಚ್ಚಿದಂತೆ ಎಲ್ಲವನ್ನೂ ಒಂದೇ ಪರದೆಯಿಂದ ನೋಡಿಕೊಳ್ಳಲು ನಿರ್ವಹಣಾ ಸರ್ವರ್ ಬೇಕಾಗುತ್ತದೆ. ವಿಎಂವೇರ್ ಸಂಸ್ಥೆ 2003ರಲ್ಲಿ ವರ್ಚುವಲ್‌ಸೆಂಟರ್ ಎಂಬ ಹೆಸರಿನಲ್ಲಿ ಹೊರತಂದ, ಈಗ ವಿಸೆಂಟರ್ ಎನಿಸಿಕೊಂಡಿರುವ ತಂತ್ರಾಂಶ ಇವುಗಳಲ್ಲಿ ಬಹುಪರಿಚಿತ. 2023ರ ನವೆಂಬರ್‌ನಲ್ಲಿ ವಿಎಂವೇರ್ ಸಂಸ್ಥೆ ಬ್ರಾಡ್‌ಕಾಮ್ ಪಾಲಾಯಿತು.

ನಿರ್ವಹಣಾ ಸರ್ವರ್‌ನ ಪೂರ್ಣಾಧಿಕಾರ ಉಳ್ಳವರು ಅದರಡಿಯ ಯಾವುದೇ ವರ್ಚುವಲ್ ಯಂತ್ರವನ್ನು ನಿಲ್ಲಿಸಬಹುದು, ಅಳಿಸಬಹುದು, ಅದರ ಸಂಪೂರ್ಣ ಪ್ರತಿಯನ್ನೇ ತೆಗೆಯಬಹುದು. ಡಿಸ್ಕನ್ನು ಗೂಢಲಿಪಿಗೆ ಬದಲಿಸಿರದಿದ್ದರೆ, ಒಳಗಿನ ಯಂತ್ರದ ಪಾಸ್‌ವರ್ಡ್ ತಿಳಿಯದೆಯೂ ಆ ಪ್ರತಿಯಿಂದ ಕಡತಗಳನ್ನು ಓದಬಹುದು. ಹೀಗಾಗಿ ಒಳಗಿನ ಹತ್ತು ಬಾಗಿಲುಗಳಿಗೆ ಬೀಗ ಹಾಕಿ ಹೆಬ್ಬಾಗಿಲನ್ನು ತೆರೆದಿಟ್ಟರೆ ಪ್ರಯೋಜನವಿಲ್ಲ.

ಅಳವಡಿಕೆಗೆ ಮುನ್ನ

ವಿಸೆಂಟರ್ ಅನ್ನು ವಿಂಡೋಸ್ ಮೇಲೆ ಅಳವಡಿಸುವ ಪದ್ಧತಿ 2020ರಲ್ಲಿ ಬಂದ 7ನೇ ಆವೃತ್ತಿಯೊಂದಿಗೆ ಕೊನೆಗೊಂಡಿತು. ಆ ಆವೃತ್ತಿಗೆ ಸಿಗುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್‌ನಲ್ಲಿ ಮುಗಿದಿದೆ. ಈಗ ಅದು ಸಿದ್ಧ ವರ್ಚುವಲ್ ಯಂತ್ರದ ರೂಪದಲ್ಲಿ ಮಾತ್ರ ದೊರೆಯುತ್ತದೆ. 8ನೇ ಆವೃತ್ತಿಯ ಅತಿ ಚಿಕ್ಕ ಮಾದರಿಗೆ 2 ಪ್ರೊಸೆಸರ್, 14 ಜಿಬಿ ಮೆಮೊರಿ ಹಾಗೂ 579 ಜಿಬಿ ಸಂಗ್ರಹ ಸ್ಥಳ ಬೇಕು. ಇದು 10 ಸರ್ವರ್ ಹಾಗೂ 100 ವರ್ಚುವಲ್ ಯಂತ್ರಗಳವರೆಗೆ ನಿಭಾಯಿಸಬಲ್ಲದು. ಗುಂಡ್ಲುಪೇಟೆಯಂಥ ತಾಲ್ಲೂಕು ಕೇಂದ್ರದ ಕಾಲೇಜು ಅಥವಾ ಕಚೇರಿಗೆ ಇಷ್ಟು ಧಾರಾಳವಾಗಿ ಸಾಕು.

ಅಳವಡಿಕೆ ಅರ್ಧಕ್ಕೆ ನಿಲ್ಲಲು ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ.

1. ಹೆಸರು: ಸರ್ವರ್‌ಗೆ ಇಡುವ ಪೂರ್ಣ ಹೆಸರು ಡಿಎನ್‌ಎಸ್‌ನಲ್ಲಿ ಮೊದಲೇ ದಾಖಲಾಗಿರಬೇಕು. ಹೆಸರಿನಿಂದ ಐಪಿ ವಿಳಾಸ, ಐಪಿ ವಿಳಾಸದಿಂದ ಹೆಸರು, ಎರಡೂ ಸರಿಯಾಗಿ ಸಿಗಬೇಕು. ಹೆಸರನ್ನು ನಂತರ ಬದಲಿಸುವುದು ತ್ರಾಸದಾಯಕ.

2. ಗಡಿಯಾರ: ನಿರ್ವಹಣಾ ಸರ್ವರ್, ಅದರಡಿಯ ಸರ್ವರ್‌ಗಳು ಹಾಗೂ ಬಳಕೆದಾರರ ಪಟ್ಟಿ ಇರುವ ಸರ್ವರ್ ಒಂದೇ ಎನ್‌ಟಿಪಿ ಮೂಲದಿಂದ ಸಮಯ ಪಡೆಯಬೇಕು. ಪ್ರವೇಶ ಚೀಟಿಗೆ ಅವಧಿ ನಮೂದಾಗಿರುವುದರಿಂದ ಗಡಿಯಾರಗಳು ಹೊಂದದಿದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪ್ರವೇಶ ಸಿಗದು.

ಎರಡು ಹಂತಗಳು

ಮೊದಲ ಹಂತದಲ್ಲಿ ಯಾವ ಸರ್ವರ್ ಮೇಲೆ ಅಳವಡಿಸಬೇಕು ಎಂಬುದನ್ನು ಸೂಚಿಸಿ, ಗಾತ್ರ, ಡಿಸ್ಕ್ ಹಾಗೂ ಜಾಲದ ವಿವರಗಳನ್ನು ತುಂಬಬೇಕು. ಯಂತ್ರದ ರೂಟ್ ಖಾತೆಯ ಪಾಸ್‌ವರ್ಡ್ ನಿಗದಿಯಾಗುವುದೂ ಆಗಲೇ. ಎರಡನೇ ಹಂತದಲ್ಲಿ ಸಮಯದ ಮೂಲ ಹಾಗೂ ಏಕ ಪ್ರವೇಶ ವ್ಯವಸ್ಥೆಯ ಡೊಮೈನ್ ನಿರ್ಧರಿಸಬೇಕು. ಡೊಮೈನ್‌ಗೆ ‘ವಿಸ್ಫಿಯರ್ ಡಾಟ್ ಲೋಕಲ್’ ಎಂಬ ಹೆಸರು ರೂಢಿಯಲ್ಲಿದೆ. ಸಂಸ್ಥೆಯ ಆಕ್ಟಿವ್ ಡೈರೆಕ್ಟರಿಯ ಹೆಸರನ್ನೇ ಇದಕ್ಕೂ ಇಟ್ಟರೆ ಮುಂದೆ ಗೊಂದಲ ತಪ್ಪದು.

ಕೆಲಸ ಮುಗಿದ ಮೇಲೆ ದಿನನಿತ್ಯದ ನಿರ್ವಹಣೆಗೆ ಬ್ರೌಸರ್‌ನಲ್ಲಿ ಸರ್ವರ್‌ನ ಹೆಸರು ನಮೂದಿಸಿದರೆ ಸಾಕು. ಯಂತ್ರದ ಸ್ವಂತ ಆರೈಕೆಗೆ 5480ನೇ ಪೋರ್ಟ್‌ನಲ್ಲಿ ಬೇರೊಂದು ಪುಟವಿದೆ. ಬ್ಯಾಕಪ್ ವೇಳಾಪಟ್ಟಿಯನ್ನು ಅಲ್ಲಿಯೇ, ಅಳವಡಿಸಿದ ದಿನವೇ ನಿಗದಿಪಡಿಸುವುದು ಒಳಿತು. ಎರಡೂ ಪುಟಗಳು ಸಾರ್ವಜನಿಕ ಅಂತರ್ಜಾಲಕ್ಕೆ ಕಾಣಿಸಬಾರದು.

ಏಕ ಪ್ರವೇಶ ವ್ಯವಸ್ಥೆ

2012ರ 5.1ನೇ ಆವೃತ್ತಿಯಲ್ಲಿ ವಿಸೆಂಟರ್‌ಗೆ ಸಿಂಗಲ್ ಸೈನ್-ಆನ್ ಸೇರ್ಪಡೆಯಾಯಿತು. ಬಳಕೆದಾರ ಒಮ್ಮೆ ಗುರುತು ಸಾಬೀತುಪಡಿಸಿದರೆ ಸರ್ವರ್ ಆತನಿಗೆ ಸಹಿ ಮಾಡಿದ ಡಿಜಿಟಲ್ ಚೀಟಿಯೊಂದನ್ನು ಕೊಡುತ್ತದೆ. ಉಳಿದ ಸೇವೆಗಳು ಮತ್ತೆ ಪಾಸ್‌ವರ್ಡ್ ಕೇಳದೆ ಆ ಚೀಟಿಯನ್ನು ಮಾನ್ಯ ಮಾಡುತ್ತವೆ.

ಅಳವಡಿಸಿದ ಕೂಡಲೇ ಇರುವುದು ಅಡ್ಮಿನಿಸ್ಟ್ರೇಟರ್ ಎಂಬ ಒಂದೇ ಪೂರ್ಣಾಧಿಕಾರದ ಖಾತೆ. ಕಚೇರಿಯ ನಾಲ್ವರು ಇದನ್ನೇ ಹಂಚಿಕೊಂಡು ಬಳಸುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಯಂತ್ರವೊಂದು ಅಳಿಸಿಹೋದರೆ ದಾಖಲೆಯಲ್ಲಿ ಅಡ್ಮಿನಿಸ್ಟ್ರೇಟರ್ ಎಂದಷ್ಟೇ ಇರುತ್ತದೆ. ನಾಲ್ವರಲ್ಲಿ ಯಾರು ಎಂಬುದು ಎಂದಿಗೂ ಗೊತ್ತಾಗದು.

ಆದ್ದರಿಂದ ಸಂಸ್ಥೆಯ ಬಳಕೆದಾರರ ಪಟ್ಟಿಯನ್ನು ಗುರುತಿನ ಮೂಲವಾಗಿ ಜೋಡಿಸಬೇಕು. ಆಕ್ಟಿವ್ ಡೈರೆಕ್ಟರಿ ಅಥವಾ ಓಪನ್ ಎಲ್‌ಡ್ಯಾಪ್ ಇದ್ದರೆ ಪ್ರಮಾಣಪತ್ರ ಸಹಿತವಾದ ಸುರಕ್ಷಿತ ಎಲ್‌ಡ್ಯಾಪ್ ಸಂಪರ್ಕ ಬಳಸಬಹುದು. ಎಡಿಎಫ್‌ಎಸ್, ಓಕ್ಟಾ, ಮೈಕ್ರೋಸಾಫ್ಟ್ ಎಂಟ್ರಾ ಮುಂತಾದ ಹೊರಗಿನ ಗುರುತಿನ ಸೇವೆಗಳನ್ನೂ 8ನೇ ಆವೃತ್ತಿಗೆ ಜೋಡಿಸಲು ಸಾಧ್ಯ. ಆಗ ಪಾಸ್‌ವರ್ಡ್ ವಿಸೆಂಟರ್‌ಗೆ ತಿಳಿಯುವುದೇ ಇಲ್ಲ, ಮೊಬೈಲ್ ಮೂಲಕ ಎರಡನೇ ಹಂತದ ದೃಢೀಕರಣವನ್ನೂ ಕಡ್ಡಾಯಗೊಳಿಸಬಹುದು.

ಗುರುತು ಬೇರೆ, ಅಧಿಕಾರ ಬೇರೆ

ಪಟ್ಟಿಯನ್ನು ಜೋಡಿಸಿದ ಮಾತ್ರಕ್ಕೆ ಯಾರಿಗೂ ಅಧಿಕಾರ ಬರುವುದಿಲ್ಲ. ಹೊಸ ಬಳಕೆದಾರ ಒಳಬಂದರೂ ಅವನಿಗೆ ಖಾಲಿ ಪರದೆ ಕಂಡರೆ ಅದು ದೋಷವಲ್ಲ. ಪಾತ್ರ ನೀಡಿಲ್ಲ ಎಂದಷ್ಟೇ ಅರ್ಥ. ಪಾತ್ರಗಳನ್ನು ವ್ಯಕ್ತಿಗಳ ಬದಲು ಗುಂಪುಗಳಿಗೆ ಕೊಡಬೇಕು. ವರ್ಗಾವಣೆ ಅಥವಾ ನಿವೃತ್ತಿಯಾದವರನ್ನು ಗುಂಪಿನಿಂದ ತೆಗೆದರೆ ಆಗ ಅಧಿಕಾರವೂ ಹೋಗುತ್ತದೆ. ಸೂಕ್ಷ್ಮ ಮಾಹಿತಿಯ ಯಂತ್ರಗಳನ್ನು ಪ್ರತ್ಯೇಕ ಫೋಲ್ಡರ್‌ನಲ್ಲಿಟ್ಟು, ಅದರ ಮೇಲಿನ ಅಧಿಕಾರವನ್ನು ಒಂದಿಬ್ಬರಿಗೆ ಸೀಮಿತಗೊಳಿಸಬೇಕು. ಉಳಿದವರಿಗೆ ನೋಡುವ ಅಧಿಕಾರ ಮಾತ್ರ ಸಾಕು.

ಈ ಎಚ್ಚರಿಕೆ ತಪ್ಪಿದರೆ ಆಗುವ ಅನಾಹುತಕ್ಕೆ 2024ರ ಉದಾಹರಣೆಯಿದೆ. ಆಕ್ಟಿವ್ ಡೈರೆಕ್ಟರಿಗೆ ಸೇರಿಸಿದ ವಿಎಂವೇರ್ ಸರ್ವರ್‌ಗಳು ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಹೆಸರಿನ ಗುಂಪಿನ ಸದಸ್ಯರಿಗೆ ತಾವಾಗಿಯೇ ಪೂರ್ಣಾಧಿಕಾರ ಕೊಡುತ್ತಿದ್ದವು. ಸುಲಿಗೆ ತಂತ್ರಾಂಶದ ತಂಡಗಳು ಅದೇ ಹೆಸರಿನ ಗುಂಪು ಸೃಷ್ಟಿಸಿ ಸರ್ವರ್‌ಗಳನ್ನು ವಶಪಡಿಸಿಕೊಂಡಿದ್ದನ್ನು ಮೈಕ್ರೋಸಾಫ್ಟ್ ಆ ವರ್ಷದ ಜುಲೈನಲ್ಲಿ ಬಹಿರಂಗಪಡಿಸಿತು.

ಕರ್ನಾಟಕದ ಕಂದಾಯ ಇಲಾಖೆಗೆ ಈ ಪಾಠ ಹೊಸದಲ್ಲ. ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2002ರ ವೇಳೆಗೆ ರಾಜ್ಯದ 177 ತಾಲ್ಲೂಕುಗಳನ್ನು ತಲುಪಿತ್ತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ನೀಡಿಯೇ ಒಳಹೋಗುವ ಏರ್ಪಾಡು ಆಗಲೇ ಅದರಲ್ಲಿತ್ತು. ಪಾಸ್‌ವರ್ಡನ್ನು ಮತ್ತೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಡಲಾಗದು. ತಿದ್ದುಪಡಿ ತಾನು ಮಾಡಿದ್ದಲ್ಲ ಎಂದು ಯಾರೂ ನುಣುಚಿಕೊಳ್ಳಬಾರದು ಎಂಬುದೇ ಅದರ ಉದ್ದೇಶ.

ತುರ್ತು ಖಾತೆ

ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ಜಾರಿಗೆ ಬಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧದಲ್ಲೂ ಆಂಬುಲೆನ್ಸ್‌ಗಳಿಗೆ ವಿನಾಯಿತಿ ಇರಿಸಲಾಯಿತು. ಪ್ರವೇಶ ವ್ಯವಸ್ಥೆಗೂ ಅಂಥದೊಂದು ವಿನಾಯಿತಿ ಬೇಕು. ಬಳಕೆದಾರರ ಪಟ್ಟಿಯ ಸರ್ವರ್ ಕೆಟ್ಟುನಿಂತರೆ ಅಥವಾ ಅದರ ಸಂಪರ್ಕ ಕಡಿದರೆ ಸಿಬ್ಬಂದಿಯ ಖಾತೆಗಳಾವುವೂ ಕೆಲಸ ಮಾಡವು. ಆಗ ಉಳಿಯುವುದು ಮೂಲದ ಅಡ್ಮಿನಿಸ್ಟ್ರೇಟರ್ ಖಾತೆಯೊಂದೇ. ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಮೊಹರು ಮಾಡಿ ಮುಖ್ಯಸ್ಥರ ವಶದಲ್ಲಿಡಬೇಕು. ತೆರೆದಾಗಲೆಲ್ಲ ದಾಖಲಿಸಿ, ಪಾಸ್‌ವರ್ಡ್ ಬದಲಿಸಬೇಕು.

ಆರಂಭಿಕ ನಿಯಮದಂತೆ 180 ಸೆಕೆಂಡುಗಳಲ್ಲಿ ಐದು ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟ ಖಾತೆ 300 ಸೆಕೆಂಡು ಬಂದ್ ಆಗುತ್ತದೆ. ಆದರೆ ಅಡ್ಮಿನಿಸ್ಟ್ರೇಟರ್ ಖಾತೆಗೆ ಈ ತಡೆ ಅನ್ವಯಿಸುವುದಿಲ್ಲ. ಅದರ ಪಾಸ್‌ವರ್ಡ್ ಉದ್ದವಾಗಿಯೂ ಊಹೆಗೆ ನಿಲುಕದಂತೆಯೂ ಇರಬೇಕಾದುದು ಈ ಕಾರಣಕ್ಕೇ.

ನಿರ್ವಹಣಾ ಸರ್ವರ್ ನಿಂತರೂ ಅದರಡಿಯ ವರ್ಚುವಲ್ ಯಂತ್ರಗಳು ಚಾಲನೆಯಲ್ಲಿಯೇ ಇರುತ್ತವೆ ಎಂಬುದು ಸಮಾಧಾನದ ಸಂಗತಿ. ದುರಸ್ತಿಗೆ ಸಾವಕಾಶವಿರುತ್ತದೆ, ಗಾಬರಿಯಿಂದ ಎಲ್ಲವನ್ನೂ ಮರುಚಾಲನೆ ಮಾಡಬೇಕಿಲ್ಲ.

ಬ್ರಾಡ್‌ಕಾಮ್ ಶಾಶ್ವತ ಪರವಾನಗಿಗಳ ಮಾರಾಟವನ್ನು 2023ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ ಬಳಿಕ ಪ್ರಾಕ್ಸ್‌ಮಾಕ್ಸ್‌ನಂಥ ಮುಕ್ತ ತಂತ್ರಾಂಶಗಳತ್ತ ಮುಖ ಮಾಡಿದವರೂ ಇದ್ದಾರೆ. ಅಲ್ಲಿ ಪರದೆಗಳೂ ಪಾತ್ರಗಳ ಹೆಸರುಗಳೂ ಬೇರೆ, ನಿಯಮ ಮಾತ್ರ ಅದೇ: ಒಬ್ಬರಿಗೆ ಒಂದು ಖಾತೆ, ಕೆಲಸಕ್ಕೆ ತಕ್ಕಷ್ಟೇ ಅಧಿಕಾರ, ತುರ್ತಿಗೆ ಮೊಹರು ಮಾಡಿದ ಒಂದು ಕೀಲಿ. ತಂತ್ರಾಂಶದ ಅಳವಡಿಕೆಗೆ ಅರ್ಧ ದಿನ ಸಾಕು. ಯಾರ ಹೆಸರು ಯಾವ ಗುಂಪಿನಲ್ಲಿರಬೇಕು ಎಂಬ ಪಟ್ಟಿಯನ್ನು ಅದಕ್ಕೆ ಮುನ್ನವೇ ಬರೆದಿಟ್ಟುಕೊಳ್ಳುವುದು ಕ್ಷೇಮ.