ಸರ್ವಜ್ಞನಿಗೆ ಇಂಗ್ಲಿಷಲ್ಲಿ ಏನಂತಾರೆ? ಮದ್ರಾಸಿನ ಪರೀಕ್ಷೆಗಳು ಮತ್ತು ನಮ್ಮ ಪದಗಳ ಭಯ

ಈ ಸಲದ ಮಾತು ನಮ್ಮನೆಯಲ್ಲೇ ಹುಟ್ಟಿದ್ದು. ವಿಡಿಯೊ ನೋಡೋಕೆ ಟೈಮ್ ಇಲ್ಲ, ಟ್ರೈನಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಇಲ್ಲಿ ಬರೆದು ಹಾಕಿದ್ದೇನೆ.

ನಾನು ತಾಂಬರಂಗೆ ಬಂದು ಹದಿನಾಲ್ಕು ವರ್ಷ ಆಯ್ತು. ಹೋದ ವರ್ಷದಿಂದ ನನ್ನ ಅಕ್ಕನ ಮಗಳು ನಮ್ಮ ಜೊತೆ ಸೇಲೈಯೂರಿನ ಮನೆಯಲ್ಲೇ ಇದ್ದಾಳೆ. ಹಾಸನದ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆಗೆ ಓದ್ತಿದ್ದಾಳೆ. ಲೆಕ್ಕದಲ್ಲಿ ಅವಳು ಗಟ್ಟಿಗಿತ್ತಿ. ಇಂಗ್ಲಿಷ್ ಬಂದರೆ ಮುಖ ಸಣ್ಣಗಾಗುತ್ತೆ. ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡ್ತಾನೇ ಹೇಳಿದಳು: "ಮಾಮ, ದಿನಾ ಮೂವತ್ತು ಪದ ಬಾಯಿಪಾಠ ಮಾಡ್ತೀನಿ. ವಾರ ಕಳೆದ್ರೆ ಮೂರೂ ನೆನಪಿರಲ್ಲ. ಕನ್ನಡ ಮೀಡಿಯಂ ಓದಿದ್ದೇ ತಪ್ಪಾಯ್ತು ಅನ್ಸುತ್ತೆ."

ಆ ಕೊನೆಯ ಮಾತು ನನಗೆ ಚುಚ್ಚಿತು. ಯಾಕಂದ್ರೆ ಅದೇ ಮಾತನ್ನು ನಾನೂ ಒಂದು ಕಾಲದಲ್ಲಿ ಹೇಳ್ಕೊಂಡಿದ್ದೆ. ಜಿಆರ್‌ಇ ಬರೆಯೋ ಹುಚ್ಚಲ್ಲಿ ತಾಂಬರಂನಿಂದ ಗಿಂಡಿವರೆಗೆ ಎಲೆಕ್ಟ್ರಿಕ್ ಟ್ರೈನಲ್ಲಿ ನಿಂತುಕೊಂಡೇ ಪದಪಟ್ಟಿ ಉರು ಹೊಡೀತಿದ್ದೆ. ವರ್ಬಲ್ ಅಂಕ ನೋಡಿದ ಮೇಲೆ ಆ ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿದೆ. ಹಾಗಾಗಿ ಅವಳಿಗೆ ಉತ್ತರ ಕೊಡೋ ಮೊದಲು ಈ ಭಯದ ಬೇರು ಎಲ್ಲಿದೆ ಅಂತ ಹುಡುಕಿದೆ. ಆ ಬೇರು ಇದೇ ಚೆನ್ನೈನಲ್ಲಿದೆ.

ಮೊದಲು ಪರೀಕ್ಷೆ ಬರೆದವರು ಅವರು

ನುಂಗಂಬಾಕ್ಕಂನಲ್ಲಿ ಕಾಲೇಜ್ ರೋಡ್ ಅಂತ ಇದೆ, ನೀವು ಓಡಾಡಿರ್ತೀರಿ. ಆ ಹೆಸರು ಬಂದಿದ್ದು ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಿಂದ. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಶುರು ಮಾಡಿದ ಈ ಕಾಲೇಜಿನ ಕೆಲಸ ನಮಗೆ ಇಂಗ್ಲಿಷ್ ಕಲಿಸೋದಲ್ಲ. ಇಂಗ್ಲೆಂಡಿನಿಂದ ಬಂದ ಎಳೆಯ ಅಧಿಕಾರಿಗಳಿಗೆ ತಮಿಳು, ತೆಲುಗು, ಕನ್ನಡದಂಥ ಭಾಷೆ ಕಲಿಸೋದು! ಪರೀಕ್ಷೆ ಪಾಸಾದರೆ ಸಂಬಳ ಏರುತ್ತಿತ್ತು, ತುಂಬಾ ಚೆನ್ನಾಗಿ ಮಾಡಿದರೆ ಬಹುಮಾನವೂ ಸಿಗುತ್ತಿತ್ತು.

ಅಂದರೆ ಈ ಊರಲ್ಲಿ ನೌಕರಿಗಾಗಿ ಪರಭಾಷೆಯ ಪದ ಉರು ಹೊಡೆದ ಮೊದಲಿಗರಲ್ಲಿ ಕನ್ನಡ ಕಲೀತಿದ್ದ ಇಂಗ್ಲಿಷ್ ಹುಡುಗರೂ ಇದ್ದರು. ಅವರಿಗಾಗಿಯೇ ಜಾನ್ ಮೆಕೆರೆಲ್ ಎಂಬ ಸಿವಿಲ್ ಅಧಿಕಾರಿ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ಪರಭಾಷೆಯ ಪದ ತಲೆಗೆ ಹತ್ತದೆ ಒದ್ದಾಡೋದು ನಮ್ಮ ಮೀಡಿಯಂನ ದೋಷ ಅಲ್ಲ. ಅವರೂ ಒದ್ದಾಡಿದ್ದಾರೆ.

ಆಮೇಲೆ ತಕ್ಕಡಿ ತಿರುಗಿತು

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ವಿದ್ಯಾಭ್ಯಾಸ ಆದವರಿಗೆ ಆದ್ಯತೆ ಅಂತ ಆದೇಶ ಹೊರಡಿಸಿದರು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಶುರುವಾಯಿತು. ಮಂಗಳೂರು, ಬಳ್ಳಾರಿ ಹೇಗೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗುವವರೆಗೆ ಮದ್ರಾಸಿನ ಪರೀಕ್ಷೆಗೇ ಕೂರಿಸುತ್ತಿದ್ದವು. ನಮ್ಮ ಮುತ್ತಾತಂದಿರ ಕಾಲದ 'ಮೆಟ್ರಿಕ್ ಪಾಸ್, ಮೆಟ್ರಿಕ್ ಫೇಲ್' ಎಲ್ಲ ಇಲ್ಲಿಂದಲೇ ತೀರ್ಮಾನ ಆಗ್ತಿತ್ತು.

ಉರು ಹೊಡೆಯೋ ರೋಗವೂ ಹೊಸದಲ್ಲ. 1902ರ ಭಾರತೀಯ ವಿಶ್ವವಿದ್ಯಾಲಯಗಳ ಆಯೋಗದ ದೊಡ್ಡ ದೂರೇ ಇದು: ಪಾಠಕ್ಕೋಸ್ಕರ ಪರೀಕ್ಷೆ ಇರಬೇಕಾದಲ್ಲಿ ಪರೀಕ್ಷೆಗೋಸ್ಕರ ಪಾಠ ನಡೀತಿದೆ. ನೂರಿಪ್ಪತ್ತು ವರ್ಷ ದಾಟಿತು, ಕೋಚಿಂಗ್ ಬೋರ್ಡುಗಳನ್ನು ನೋಡಿದರೆ ಆ ವರದಿ ನಿನ್ನೆ ಬರೆದ ಹಾಗಿದೆ.

ನಾನು ದಿನಾ ನಿಲ್ಲೋ ಪ್ಲಾಟ್‌ಫಾರಂಗೂ ಈ ಕಥೆಯಲ್ಲಿ ಪಾಲಿದೆ. ಬೀಚ್–ತಾಂಬರಂ ನಡುವೆ ಎಲೆಕ್ಟ್ರಿಕ್ ಟ್ರೈನ್ ಬಂದಿದ್ದು 1931ರಲ್ಲಿ. ಈಗಿನ ಜಾರ್ಜ್‌ಟೌನ್ ಕಡೆ 1837ರಲ್ಲಿ ಶಾಲೆಯಾಗಿ ಶುರುವಾಗಿದ್ದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ಸರಿಯಾಗಿ ನೂರು ವರ್ಷಕ್ಕೆ, 1937ರಲ್ಲಿ, ಇಲ್ಲಿನ ಕಾಡಿನಂಥ 365 ಎಕರೆಗೆ ಬಂತು. ಅಂದಿನಿಂದ ತಾಂಬರಂ ಓದೋ ಹುಡುಗರ ಊರೂ ಆಯ್ತು.

ಹಾಗೆ ಮದ್ರಾಸಿಗೆ ಬಂದು ಓದಿದವರಲ್ಲಿ ಇಬ್ಬರನ್ನು ನೋಡಿ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್, ಇಲ್ಲಿನ ಪ್ರೆಸಿಡೆನ್ಸಿ ಕಾಲೇಜು ಮುಗಿಸಿ, ಕೇಂಬ್ರಿಡ್ಜಿಗೆ ಹೋಗಿ ಐಸಿಎಸ್ ಪಾಸಾದರು. ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾಗಿ ನಮ್ಮ ಸಂವಿಧಾನದ ಮೊದಲ ಕರಡು ತಯಾರಿಸಿದ್ದು ಅವರೇ. ಇನ್ನೊಬ್ಬರು ಮಾಸ್ತಿ. ಮನೆಮಾತು ತಮಿಳು, 1914ರಲ್ಲಿ ಮದ್ರಾಸಿನ ಇಂಗ್ಲಿಷ್ ಎಂ.ಎ., ಹೊಟ್ಟೆಪಾಡಿಗೆ ಮೈಸೂರು ಸಿವಿಲ್ ಸರ್ವಿಸ್ ಅಧಿಕಾರ. ಬರೆದಿದ್ದು ಮಾತ್ರ ಕನ್ನಡದಲ್ಲಿ, ಜ್ಞಾನಪೀಠ ತಂದಿದ್ದೂ ಕನ್ನಡಕ್ಕೆ. ಒಂದು ಭಾಷೆ ಒಳಗೆ ಬಂದರೆ ಇನ್ನೊಂದು ಜಾಗ ಖಾಲಿ ಮಾಡಬೇಕು ಅಂತೇನಿಲ್ಲ.

ಪಟ್ಟಿ ಅಲ್ಲ, ನಂಟು

ಹಾಗಂತ ಸಿಜಿಎಲ್ ಸುಲಭ ಅಂತ ನಾನು ಸುಳ್ಳು ಸಮಾಧಾನ ಹೇಳಲ್ಲ. ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷ್ ಎರಡರಲ್ಲೇ ಬರುತ್ತೆ. ನಮ್ಮ ಮಕ್ಕಳಿಗೆ ಲೆಕ್ಕದ ಪ್ರಶ್ನೆ ಅರ್ಥ ಮಾಡ್ಕೊಳ್ಳೋಕೂ ಇಂಗ್ಲಿಷ್ ಬೇಕು. ಸಮಾನಾರ್ಥಕ, ವಿರುದ್ಧಾರ್ಥಕ, ಹಲವು ಪದಕ್ಕೆ ಒಂದು ಪದ, ಎಲ್ಲ ನೇರವಾಗೇ ಕೇಳ್ತಾರೆ. ಜಿಆರ್‌ಇ 2011ರಲ್ಲೇ ವಿರುದ್ಧಪದಗಳ ಪ್ರಶ್ನೆ ಕೈಬಿಟ್ಟು, ವಾಕ್ಯದೊಳಗೆ ಪದ ಕೂರಿಸೋ ಕಡೆ ಹೋಯಿತು. ಇಲ್ಲಿ ಪಟ್ಟಿಯ ಕಾಟ ಇನ್ನೂ ಇದೆ.

ಹಾಗಾದ್ರೆ ಏನು ಮಾಡೋದು? ಅವತ್ತು ರಾತ್ರಿ ಅವಳ ಪಟ್ಟಿಯಿಂದ ಒಂದು ಪದ ಆರಿಸಿದೆ, ಆಮ್ನಿಶಿಯಂಟ್. ಲ್ಯಾಟಿನ್ನಿನಲ್ಲಿ 'ಆಮ್ನಿ' ಅಂದ್ರೆ ಎಲ್ಲ, 'ಶಿಯಂಟ್' ಅಂದ್ರೆ ತಿಳಿದ. ಸರ್ವ, ಜ್ಞ. "ಅಯ್ಯೋ, ನಮ್ಮ ಸರ್ವಜ್ಞ!" ಅಂದಳು. ಆಮ್ನಿಪೊಟೆಂಟ್? ಸರ್ವಶಕ್ತ. ಮ್ಯಾಗ್ನಾನಿಮಸ್ ಒಡೆದು ನೋಡಿ, ಮ್ಯಾಗ್ನ ಅಂದ್ರೆ ಮಹಾ, ಆನಿಮಸ್ ಅಂದ್ರೆ ಮನಸ್ಸು, ಆತ್ಮ. ಹೆಚ್ಚುಕಮ್ಮಿ ಮಹಾತ್ಮ. ಬೆನೆವೊಲೆಂಟ್ ಅಂದ್ರೆ ಒಳ್ಳೇದು ಬಯಸೋನು, ಹಿತೈಷಿ.

ಕನ್ನಡ ತನ್ನ ದೊಡ್ಡ ಪದಗಳನ್ನು ಸಂಸ್ಕೃತದಿಂದ ತಂದಿದೆ, ಇಂಗ್ಲಿಷ್ ಲ್ಯಾಟಿನ್, ಗ್ರೀಕಿನಿಂದ ತಂದಿದೆ. ಕಟ್ಟೋ ರೀತಿ ಒಂದೇ. ಸು, ದುರ್, ಅತಿ, ನಿರ್ ಅಂತ ಉಪಸರ್ಗ ಹಚ್ಚೋದು ಕನ್ನಡ ಮೀಡಿಯಂ ಮಗುವಿಗೆ ಸಂಧಿ–ಸಮಾಸದ ಪಾಠದಲ್ಲೇ ಗೊತ್ತು. ತಪ್ಪಾಯ್ತು ಅಂತ ಅವಳು ಅಂದ್ಕೊಂಡಿದ್ದೇ ಅವಳ ಕೈಯಲ್ಲಿರೋ ಬೀಗದಕೈ.

ಇನ್ನೊಂದು ಪದ ಸಿಕ್ಕಿತು. ಪಟ್ಟಿಯಲ್ಲಿ 'ಪರಯಾ', ಅರ್ಥ ಬಹಿಷ್ಕೃತ. ಅದು ಇದೇ ನೆಲದ ಪದ. ತಮಿಳಿನ ಪರೈ ಒಂದು ಚರ್ಮವಾದ್ಯ, ನಮ್ಮ ತಮಟೆಯ ಹಾಗೆ. ಅದನ್ನು ಬಾರಿಸುವ ಜನರ ಹೆಸರನ್ನು ಇಂಗ್ಲಿಷ್ ಎತ್ಕೊಂಡು, ನಮ್ಮ ಸಮಾಜ ಮಾಡಿದ ಅವಮಾನವನ್ನೇ ಅರ್ಥವಾಗಿ ಬರ್ಕೊಂಡಿತು. ಇದನ್ನು ಕೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಪದವನ್ನು ಅವಳು ಮರೆಯಲ್ಲ, ಹಗುರವಾಗಿ ಬಳಸೋದೂ ಇಲ್ಲ. ಇಂಥ ನೂರಾರು ಪದಗಳ ಜಾತಕ ಬೇಕಂದ್ರೆ 1886ರಲ್ಲಿ ಬಂದ 'ಹಾಬ್ಸನ್–ಜಾಬ್ಸನ್' ನೋಡಿ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಬರ್ನೆಲ್ ಮದ್ರಾಸ್ ಪ್ರಾಂತ್ಯದ ಸಿವಿಲ್ ಅಧಿಕಾರಿ, ಮಂಗಳೂರಿನಲ್ಲೂ ಕೆಲಸ ಮಾಡಿದವರು.

ಕಿಟ್ಟೆಲ್ ಸಾಹೇಬರಿಂದಲೂ ಒಂದು ಪಾಠ ಇದೆ. 1894ರ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ, ಎಷ್ಟೋ ಕಡೆ ಗಾದೆ, ಬಳಕೆಗಳನ್ನೂ ಪಕ್ಕದಲ್ಲಿಟ್ಟರು. ಅಕ್ಕನ ಮಗಳೂ ಈಗ ಹಾಗೇ ಮಾಡ್ತಿದ್ದಾಳೆ. ದಿನಕ್ಕೆ ಮೂವತ್ತಲ್ಲ, ಎಂಟೇ ಪದ. ಒಂದೊಂದಕ್ಕೂ ಬೇರು, ಕನ್ನಡದ ನೆಂಟ, ಅವತ್ತಿನ ಪೇಪರಿನಿಂದ ಒಂದು ವಾಕ್ಯ. ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಪುಸ್ತಕ ಮುಚ್ಚಿ ನೆನಪು ಮಾಡ್ಕೊಳ್ಳೋದು. ಬೇರೇ ಸಿಗದ ಪದಗಳೂ ಇರ್ತವೆ, ಅವನ್ನು ಮಾತ್ರ ಉರು.

ಪರೀಕ್ಷೆ ಇನ್ನೂ ಮುಂದಿದೆ. ಏನಾಗುತ್ತೋ ನೋಡೋಣ. ಆದರೆ ಮೊನ್ನೆ ಊರಿಗೆ ಫೋನ್ ಮಾಡಿದಾಗ ಅವಳು ಅಮ್ಮನಿಗೆ ಹೇಳ್ತಿದ್ದಳು: "ಅಮ್ಮ, ತಮ್ಮನ್ನ ಕನ್ನಡ ಶಾಲೆಯಿಂದ ಬಿಡಿಸ್ಬೇಡ. ಇಂಗ್ಲಿಷ್ ನಾನು ಹೇಳ್ಕೊಡ್ತೀನಿ." ನನಗೆ ಅಷ್ಟು ಸಾಕಾಯ್ತು.

ನಿಮ್ಮ ಮನೆಯಲ್ಲೂ ಯಾರಾದರೂ ಪಟ್ಟಿ ಹಿಡಿದು ಕೂತಿದ್ದರೆ ಇದನ್ನು ಓದಿ ಹೇಳಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.